ಮಾವ ತಪ್ಪು ಉತ್ತರ ಹುಡುಕಿಕೊಂಡು ಹೊರಟದ್ದು

ನನ್ನ ಸೋದರಮಾವನಲ್ಲಿ ಒಂದು ದೊಡ್ಡ ಕೊರತೆಯಿತ್ತು. ಅವರಿಗೆ ಲೆಕ್ಕ ತಪ್ಪು ಮಾಡಲು ಬರುತ್ತಿರಲಿಲ್ಲ! ಅಂಕೋಲೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದ ಈ ಮನುಷ್ಯ ಮದುವೆಮನೆಯಲ್ಲಿ ಊಟಕ್ಕೆ ಕೂತರೂ ಎಲೆಗಳನ್ನು ಎಣಿಸಿ, ಪಾಯಸ ತಮ್ಮ ಎಲೆಗೆ ಎಷ್ಟು ಹೊತ್ತಿಗೆ ಬರುತ್ತದೆಂದು ಹೇಳುತ್ತಿದ್ದರು. ಪಾಯಸವೂ ಹೆದರಿ ಅಷ್ಟು ಹೊತ್ತಿಗೇ ಬರುತ್ತಿತ್ತು.

ಈ ಕೊರತೆ ಬಯಲಾದದ್ದು ನನ್ನಿಂದ. ಆಗ ನಾನು ಕಾರವಾರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಬ್ರಾಡ್‌ಬ್ಯಾಂಡ್ ಬಂದ ಹೊಸತು. ಆ ಹುರುಪಿನಲ್ಲಿ ಹೈಸ್ಕೂಲು ಮಕ್ಕಳಿಗಾಗಿ ಆನ್‌ಲೈನ್ ಪಾಠಗಳ ತಾಣವೊಂದನ್ನು ಶುರುಮಾಡಿದ್ದೆವು. ಅದರಲ್ಲಿ ಕವಲೊಡೆಯುವ ಪಾಠ ಕಟ್ಟಬಹುದಿತ್ತು. ಪರದೆಯ ಮೇಲೆ ಒಂದು ಪ್ರಶ್ನೆ, ಕೆಳಗೆ ನಾಲ್ಕು ಉತ್ತರ. ಸರಿಯುತ್ತರ ಒತ್ತಿದ ಮಗು ಮುಂದಿನ ಪುಟಕ್ಕೆ ಹೋಗುತ್ತದೆ. ತಪ್ಪು ಒತ್ತಿದ ಮಗು ಆ ತಪ್ಪನ್ನೇ ಬಿಡಿಸಿ ಹೇಳುವ ಬೇರೆ ಪುಟಕ್ಕೆ ಹೋಗುತ್ತದೆ. ಗಣಿತದ ಪಾಠ ಬರೆಯಲು ಮಾವನಿಗಿಂತ ಯೋಗ್ಯರು ಯಾರಿದ್ದಾರೆ?

ಮಾವ ಅಂಕೋಲೆಯಿಂದ ಬಸ್ಸು ಹಿಡಿದು ಬಂದರು. ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸುವ ಲೆಕ್ಕ ಬರೆದರು. ಸರಿಯುತ್ತರ ಆರರಲ್ಲಿ ಐದು. ಉಳಿದ ಮೂರೂ ಉತ್ತರಗಳಿಗೆ ಅವರು ಕೊಟ್ಟ ಪುಟ ಒಂದೇ: "ತಪ್ಪು. ಮತ್ತೆ ಓದು."

"ಇದು ಕವಲಾಗ್ಲಿಲ್ಲ ಮಾವ, ಗೋಡೆ ಆಯ್ತು. ಮಗು ಯಂತಕೆ ತಪ್ಪು ಮಾಡ್ತು, ಅದನ್ನ ಬರೀಬೇಕು."

"ಯಂತಕೆ ತಪ್ಪು ಮಾಡ್ತಾವೆ ಅಂತ ನಂಗೆಂತ ಗೊತ್ತು? ನಾ ಮಾಡಿದವನೇ ಅಲ್ಲ!"

ಅಂದಿನಿಂದ ಮಾವ ತಪ್ಪು ಉತ್ತರ ಹುಡುಕಿಕೊಂಡು ಹೊರಟರು. ನಗಬೇಡಿ, ನಿಜವಾಗಿ ಹೊರಟರು! ಹೆಗಲಿಗೆ ಚೀಲ, ಚೀಲದಲ್ಲಿ ನೋಟುಬುಕ್ಕು. ಕಾರವಾರ ಸ್ಟ್ಯಾಂಡಿನಲ್ಲಿ ಕಂಪನಿ ಬಸ್ಸಿಗೆ ಕಾಯುತ್ತಿದ್ದ ಕೈಗಾ ಅಣುಸ್ಥಾವರದ ಎಂಜಿನಿಯರೊಬ್ಬನನ್ನು ನಿಲ್ಲಿಸಿ ಲೆಕ್ಕ ಕೇಳಿದರು. ಆತ ತಕ್ಷಣ ಸರಿಯುತ್ತರ ಹೇಳಿದ. ಮಾವ ಮುಖ ಬಾಡಿಸಿಕೊಂಡು, "ಪ್ರಯೋಜನ ಇಲ್ಲದ ಮನುಷ್ಯ," ಎಂದು ಗೊಣಗುತ್ತ ಮುಂದೆ ನಡೆದರು. ಸುಂಕಸಾಳದಲ್ಲಿ ಹೋಟೆಲು ಇಟ್ಟಿದ್ದ ಹಳೆಯ ವಿದ್ಯಾರ್ಥಿಯೊಬ್ಬನಿದ್ದ, ಗಣಿತದಲ್ಲಿ ಸೊನ್ನೆಗೇ ಹೆಸರಾದವನು. ಅವನನ್ನು ನೆಚ್ಚಿ ಅಲ್ಲಿಗೂ ಹೋದರು. ಮಾಸ್ತರು ಬಸ್ಸಿಳಿಯುವುದನ್ನು ಕಂಡವನು ಹಿತ್ತಿಲ ಬಾಗಿಲಿಂದ ಓಡಿದನಂತೆ. ಚಹಾ ಕೊಟ್ಟದ್ದು ಅವನ ಹೆಂಡತಿ.

ಒಂದು ಭಾನುವಾರ ನಾವಿಬ್ಬರೂ ಕಾರವಾರದ ಮೀನುಪೇಟೆಗೆ ಹೋದೆವು. ಬಂಗಡೆ ಆರಿಸುತ್ತ ಮಾವ ಅಭ್ಯಾಸಬಲದಿಂದ ಮೀನು ಮಾರುವವಳಿಗೂ ಅದೇ ಲೆಕ್ಕ ಕೇಳಿದರು. ನಲವತ್ತರ ಆಸುಪಾಸಿನ ಹೆಂಗಸು. ಅವರನ್ನೇ ನೋಡಿ ಹೇಳಿದಳು: "ಐದರಲ್ಲಿ ಎರಡು."

ಮಾವನ ಕಣ್ಣು ಅರಳಿತು. ನೋಟುಬುಕ್ಕು ತೆಗೆದರು. "ಹೆಂಗೆ? ಹೆಂಗೆ ಬಂತು ಹೇಳು!"

"ಈ ಬುಟ್ಟಿಲಿ ಎರಡು ಬಂಗಡೆ ಅದೆ ಅಂತ ಇಟ್ಕಳಿ, ಅದರಲ್ಲಿ ಒಂದು ಕೆಟ್ಟದ್ದು. ಆ ಬುಟ್ಟಿಲಿ ಮೂರು, ಅದರಲ್ಲೂ ಒಂದು ಕೆಟ್ಟದ್ದು. ಎರಡೂ ಬುಟ್ಟಿ ಒಂದೇ ಕಡೆ ಸುರೀರಿ. ಐದರಲ್ಲಿ ಎರಡು ಕೆಟ್ಟದ್ದಲ್ಲಾ?"

ಮಾವನ ಪೆನ್ನು ನಿಂತಿತು.

"ಅವತ್ತು ಅಂಕೋಲೆ ಶಾಲೇಲೂ ಹಿಂಗೇ ಹೇಳೂಕೆ ಹೋಗಿದ್ದೆ ಮಾಸ್ತರ್ರೆ. ನೀವು ಕೇಳ್ಲಿಲ್ಲ. ನಿನ್ನ ತಲೆ ಇರೂದು ಮೀನು ಹೊರೂಕೆ ಅಂದ್ರಿ. ಎಲ್ಲಾ ನಕ್ಕರು. ಮಾರನೇ ದಿನದಿಂದ ನಾ ಬರ್ಲಿಲ್ಲ." ಸಿಟ್ಟಿಲ್ಲದೆ ಹೇಳಿದಳು. ಹೇಳುತ್ತಲೇ ಬಂಗಡೆಗಳನ್ನು ಚೀಲಕ್ಕೆ ಹಾಕಿದಳು. "ನಾನು ನಾಗವೇಣಿ. ನಿಮಗೆ ನೆನಪಿರೂದಿಲ್ಲ."

ನೆನಪಿರಲಿಲ್ಲ. ಅದೇ ಅವರನ್ನು ಹೆಚ್ಚು ಕಾಡಿತು. ಮೀನನ್ನು ಅಲ್ಲೇ ಬಿಟ್ಟು ಬಸ್ ಸ್ಟ್ಯಾಂಡಿನವರೆಗೆ ನಡೆದರು. ಎರಡು ವಾರ ನನ್ನ ಫೋನಿಗೂ ಸಿಗಲಿಲ್ಲ. ಅವರು ಊಟ ಸರಿಯಾಗಿ ಮಾಡುತ್ತಿಲ್ಲ, ಹಳೆಯ ಹಾಜರಿ ಪುಸ್ತಕಕ್ಕೆಂದು ಶಾಲೆಗೆ ಹೋಗಿ ಬರಿಗೈಯಲ್ಲಿ ಬಂದರು ಎಂದು ಅತ್ತೆ ಹೇಳಿದರು.

ಮೂರನೆಯ ವಾರ ಕೈಬರಹದ ಹಾಳೆಗಳನ್ನು ಹಿಡಿದು ಬಂದರು. ಪಾಠವನ್ನು ಪೂರ್ತಿ ಹೊಸದಾಗಿ ಬರೆದಿದ್ದರು. ಟೈಪು ಮಾಡಿ, ಒಂದೊಂದು ಉತ್ತರವನ್ನೂ ಅದರದರ ಪುಟಕ್ಕೆ ಜೋಡಿಸಿದ್ದು ನಾನು. ಆಮೇಲೆ ಅವರೇ ಪೇಟೆಗೆ ಹೋಗಿ ಪಾಠ ನೋಡಲು ನಾಗವೇಣಿಯನ್ನು ಕರೆದರು. ಆಕೆ "ನಂಗೆಂತಕೆ ಅದೆಲ್ಲ?" ಎಂದು ಎರಡು ಸಲ ತಳ್ಳಿಹಾಕಿದಳಂತೆ. ಮೂರನೆಯ ಸಲ ಮಾವ ಬುಟ್ಟಿಗಳ ಪಕ್ಕದಲ್ಲೇ ಕೂತುಬಿಟ್ಟರು. ಗಿರಾಕಿಗಳೆಲ್ಲ ಇವರನ್ನೇ ನೋಡತೊಡಗಿದಾಗ, ಅವರನ್ನು ಎಬ್ಬಿಸುವುದಕ್ಕಾದರೂ ಆಕೆ ಒಪ್ಪಲೇಬೇಕಾಯಿತು!

ಮೀನು ಖಾಲಿಯಾದ ಮೇಲೆ ಮಧ್ಯಾಹ್ನ ನನ್ನ ಕಾಲೇಜಿಗೆ ಬಂದಳು. ಮೌಸಿನ ಮೇಲೆ ಕೈ ಇಡುವುದನ್ನು ತೋರಿಸಿಕೊಟ್ಟೆ. ಬೇಕೆಂದೇ ಐದರಲ್ಲಿ ಎರಡನ್ನು ಒತ್ತಿದಳು. ತೆರೆದ ಪುಟವನ್ನು ತುಟಿ ಅಲುಗಿಸುತ್ತ ಓದಿದಳು:

"ನೀನು ಎರಡು ಬುಟ್ಟಿಗಳನ್ನು ಒಂದೇ ಕಡೆ ಸುರಿದು ನೋಡಿದೆ. ಆ ಲೆಕ್ಕ ಸರಿಯಾಗಿಯೇ ಇದೆ. ಇಲ್ಲಿ ಕೇಳಿದ್ದು ಮಾತ್ರ ಬೇರೆ. ಒಂದೇ ಬಂಗಡೆಯನ್ನು ಆರು ತುಂಡು ಮಾಡು. ಅರ್ಧ ಎಂದರೆ ಮೂರು ತುಂಡು. ಮೂರನೇ ಒಂದು ಎಂದರೆ ಎರಡು. ಈಗ ಕೂಡಿಸು."

ಆರರಲ್ಲಿ ಐದನ್ನು ಒತ್ತಿದಳು. ಪುಟ ಮುಂದಕ್ಕೆ ಸರಿಯಿತು. ಹಿಂದೆ ನಿಂತಿದ್ದ ಮಾವನ ಕಡೆ ತಿರುಗಿದಳು.

"ಇಷ್ಟೇನಾ ಮಾಸ್ತರ್ರೆ? ಅವತ್ತೇ ಇಷ್ಟು ಹೇಳಿದ್ರೆ ಆಗ್ತಿತ್ತಲ್ಲಾ."

"ಆಗ್ತಿತ್ತು," ಎಂದರು ಮಾವ. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. "ನಂಗೆ ಗೊತ್ತಿರ್ಲಿಲ್ಲ. ನಂದೇ ತಪ್ಪು."

ನಾಗವೇಣಿ ಮತ್ತೆ ಪರದೆಯ ಕಡೆ ತಿರುಗಿ, "ಮುಂದಿನ ಪಾಠ ಅದೆಯಾ?" ಎಂದಳು.

"ಬರೀಬೇಕು. ಒಬ್ಬನಿಂದ ಆಗೂದಿಲ್ಲ." ಮಾವ ತಡವರಿಸಿದರು. "ನೀವು ಕೂತು ಹೇಳಿಕೊಟ್ರೆ ಬರೀತೆ."

ತಮ್ಮ ಕೈಯಲ್ಲಿ ಕಲಿತವರಿಗೆ ಮಾವ "ನೀವು" ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಕೆಗೂ ಅದು ಕೇಳಿಸಿರಬೇಕು. ಪಕ್ಕದ ಕುರ್ಚಿಯನ್ನು ಹತ್ತಿರಕ್ಕೆ ಎಳೆದು, "ಕೂತ್ಕಳಿ," ಎಂದಳು.