ನನ್ನ ಮೂಗೂ ಕ್ಯಾಲಿಫೋರ್ನಿಯಾದ ದ್ರಾಕ್ಷಿಯೂ

ಇಲ್ಲಿ ಬರೆದದ್ದು ಒಂದೊಂದು ಅಕ್ಷರವೂ ಸತ್ಯ. ಬೇಕಾದರೆ ಯಾವ ದೈವದ ಎದುರು ನಿಂತೂ ಹೇಳುತ್ತೇನೆ. ಅಬುಧಾಬಿಯಲ್ಲಿ ನಮ್ಮ ದೈವದ ಗುಡಿ ಇಲ್ಲದಿರುವುದು ನನ್ನ ತಪ್ಪಲ್ಲ. ಊರಲ್ಲಿದ್ದಾಗಲೂ ನನಗೆ ಇಂಥವು ಆಗುತ್ತಿದ್ದವು, ಗಲ್ಫಿಗೆ ಬಂದ ಮೇಲೆ ವಾರ ತಪ್ಪದೆ ಆಗುತ್ತಿವೆ. ದೊಡ್ಡ ಪ್ರತಿಭೆ ಇರುವವರ ಹಣೆಬರಹವೇ ಅಷ್ಟು. ಕೆಲವರಿಗೆ ಪ್ರತಿಭೆ ತಲೆಯಲ್ಲಿರುತ್ತದೆ, ಕೆಲವರಿಗೆ ಕೈಯಲ್ಲಿ. ನನಗೆ ಇರುವುದು ಮೂಗಿನಲ್ಲಿ.

೧. ಏಳು ಕೈ, ಎಂಟನೆಯದು ನನ್ನದು

ಎಲೆಕ್ಟ್ರಾ ಸ್ಟ್ರೀಟಿನ ಹಿಂದೆ ಒಂದು ಹೋಟೆಲಿನಲ್ಲಿ ನಾನು ಸ್ಟೋರ್‌ಕೀಪರ್. ಅಕ್ಕಿ, ಬೇಳೆ, ಟಿಶ್ಯೂ ಪೇಪರು, ಎಲ್ಲವೂ ನನ್ನನ್ನು ದಾಟಿಯೇ ಒಳಗೆ ಹೋಗಬೇಕು. ಒಂದು ಬೆಳಿಗ್ಗೆ ಮ್ಯಾನೇಜರು ನಮ್ಮೆಲ್ಲರನ್ನೂ ಸಾಲಾಗಿ ನಿಲ್ಲಿಸಿ ಸುದ್ದಿ ಹೇಳಿದರು. ಕ್ಯಾಲಿಫೋರ್ನಿಯಾದ ಒಂದು ದ್ರಾಕ್ಷಿತೋಟದವರು ತಮ್ಮ ಎಂಟು ಬಗೆಯ ವೈನನ್ನು ನಮ್ಮ ಹೋಟೆಲಿಗೆ ಕಳಿಸುತ್ತಾರೆ, ನಾಲ್ಕು ಬಿಳಿ, ನಾಲ್ಕು ಕೆಂಪು. ಅವರ ಕಡೆಯಿಂದ ಒಬ್ಬರು ಮೇಡಂ ಬಂದು ರುಚಿ ನೋಡುವುದನ್ನು ಕಲಿಸುತ್ತಾರೆ. ಕೊನೆಗೆ ಪರೀಕ್ಷೆ. ಗೆದ್ದವರು ವೈನ್ ಸ್ಟೋರಿನ ಇನ್‌ಚಾರ್ಜ್. ಆ ಹುದ್ದೆಗೆ ಫ್ಯಾಮಿಲಿ ಫ್ಲ್ಯಾಟ್ ಉಂಟು.

ಕೊನೆಯ ವಾಕ್ಯ ಕೇಳಿದ ಮೇಲೆ ನನಗೆ ಬೇರೆ ಎಂತದೂ ಕೇಳಿಸಲಿಲ್ಲ. ಹನ್ನೊಂದು ವರ್ಷದಿಂದ ನಾನು ಬೆಡ್‌ಸ್ಪೇಸಿನಲ್ಲಿ ಇದ್ದೇನೆ. ಒಂದು ಕೋಣೆ, ಆರು ಮಂಚ, ನನ್ನದು ಮೇಲಿನದ್ದು. ಹೆಂಡತಿ ಬ್ರಹ್ಮಾವರದಲ್ಲಿ. ನಾವಿಬ್ಬರೂ ಫೋನಿನಲ್ಲಿಯೇ ಸಂಸಾರ ಮಾಡಿ ಮಾಡಿ, ರಜೆಯಲ್ಲಿ ಊರಿಗೆ ಹೋದಾಗ ಎದುರು ಕೂತರೆ ಮಾತು ಹೊರಡದೆ ಅವಳು ಪಕ್ಕದ ಕೋಣೆಗೆ ಹೋಗಿ ಫೋನು ಮಾಡುವ ಹಂತಕ್ಕೆ ಬಂದಿತ್ತು.

"ಒಳ್ಳೆಯ ಮೂಗು ಯಾರಿಗೆ ಇದೆ?" ಅಂತ ಮ್ಯಾನೇಜರು ಕೇಳಿದರು. ಏಳು ಕೈ ಎದ್ದವು, ಎಲ್ಲ ಬಾರಿನವರದ್ದು. ಎಂಟನೆಯದು ನನ್ನದು.

"ಸರ್, ಊರಲ್ಲಿ ಮದುವೆಗೆ ಹೋದರೆ ಪಾಯಸಕ್ಕೆ ಬೆಲ್ಲವೋ ಸಕ್ಕರೆಯೋ ಅಂತ ಚಪ್ಪಲಿ ಬಿಡುವಲ್ಲಿಯೇ ಹೇಳುತ್ತಿದ್ದೆ. ಬೆಲ್ಲವಾದರೆ ಯಾವ ಅಂಗಡಿಯದ್ದು ಅಂತಲೂ."

"ವೈನು ಯಾವತ್ತಾದರೂ ಕುಡಿದದ್ದು ಉಂಟಾ?"

"ಇಲ್ಲ ಸರ್. ಈ ಮೂಗಿನ ಪ್ಯಾಕಿಂಗ್ ಇನ್ನೂ ಒಡೆದಿಲ್ಲ."

ಅವರು ತಕ್ಷಣ ನನ್ನ ಹೆಸರು ಬರೆದುಕೊಂಡರು. ನನ್ನ ಯೋಗ್ಯತೆ ಅವರಿಗೆ ಒಂದೇ ನೋಟಕ್ಕೆ ತಿಳಿಯಿತು ಅಂತ ನಾನು ಇವತ್ತಿಗೂ ಹೇಳುತ್ತೇನೆ. ಅವರ ಪಟ್ಟಿಯಲ್ಲಿ ಎಂಟು ಗೆರೆ ಇದ್ದವು ಎನ್ನುವುದು ಬೇರೆ ವಿಷಯ.

೨. ಬ್ರಹ್ಮಾವರದ ಷರತ್ತು

ಹೆಂಡತಿಗೆ ಫೋನು ಮಾಡಿದೆ. ಫ್ಲ್ಯಾಟ್ ಅಂದ ಕೂಡಲೇ ಅವಳು ಕೇಳಿದ್ದು ಒಂದೇ.

"ಅಡಿಗೆಮನೆ ನಮ್ಮದೇಯಾ? ಬೇರೆ ಯಾರೂ ಬಂದು ನನ್ನ ಕಾವಲಿಯಲ್ಲಿ ಆಮ್ಲೆಟ್ ಮಾಡುವುದಿಲ್ಲ ತಾನೇ?"

"ನಮ್ಮದೇ."

"ಕೆಲಸ ಎಂತದು?"

"ವೈನಿನ ರುಚಿ ನೋಡುವುದು."

ಲೈನು ಕಟ್ಟಾಯಿತು ಅಂದುಕೊಂಡೆ. ಆಗಿರಲಿಲ್ಲ. "ಒಂದು ತೊಟ್ಟು ಗಂಟಲಲ್ಲಿ ಇಳಿದರೂ ನಾನು ಆ ಫ್ಲ್ಯಾಟಿಗೆ ಕಾಲಿಡುವುದಿಲ್ಲ. ಈಗಲೇ ಹೇಳಿದ್ದೇನೆ."

"ಇಳಿಸುವುದಿಲ್ಲ ಮಾರಾಯ್ತಿ. ಬಾಯಲ್ಲಿ ಆಡಿಸಿ ಉಗುಳುವುದು. ಅದೇ ಕ್ರಮ."

"ಉಗುಳುವುದಕ್ಕೆ ಅಂತ ಯಾರಾದರೂ ಬಾಯಿಗೆ ಹಾಕಿಕೊಳ್ಳುತ್ತಾರಾ?"

"ನಿನ್ನ ಅಪ್ಪ ದಿನಕ್ಕೆ ಹತ್ತು ಸಲ ಎಲೆಯಡಿಕೆ ಹಾಕುವುದು ಮತ್ತೆ ಎಂತಕ್ಕೆ?"

ಇದು ನನ್ನ ಜೀವಮಾನದಲ್ಲಿ ನಾನು ಗೆದ್ದ ಏಕೈಕ ವಾದ. ಅದರ ನಂತರ ನಾಲ್ಕು ದಿನ ಅವಳು ಫೋನು ಎತ್ತಲಿಲ್ಲ.

೩. ನೈಫಿನಲ್ಲಿ ತಪಾಸಣೆ

ಮೇಡಂ ಬರುವ ಮೊದಲು ಮ್ಯಾನೇಜರು ಒಂದು ಪಟ್ಟಿ ಕೊಟ್ಟರು. ವೈನಿನಲ್ಲಿ ಸಿಗುವ ಪರಿಮಳಗಳಂತೆ: ಓಕ್ ಮರ, ಚರ್ಮ, ತಂಬಾಕು, ಕಾಳುಮೆಣಸು, ವೆನಿಲ್ಲಾ. ಇದರಲ್ಲಿ ವೆನಿಲ್ಲಾ ಒಂದು ನನಗೆ ಐಸ್‌ಕ್ರೀಮಿನ ಮೂಲಕ ಪರಿಚಯ. ಉಳಿದದ್ದಕ್ಕೆ ಅಭ್ಯಾಸ ಬೇಕಲ್ಲ. ರಜೆಯ ದಿನ ಬಸ್ಸು ಹತ್ತಿ ದುಬೈಗೆ ಹೋದೆ. ಅಲ್ಲಿನ ನೈಫ್ ಪೇಟೆಯಲ್ಲಿ ನನ್ನ ಹಳೆಯ ಸ್ನೇಹಿತನ ಮಸಾಲೆ ಅಂಗಡಿ ಉಂಟು. ಭಟ್ಕಳದವನು, ನವಾಯಿತ ಮುಸಲ್ಮಾನ, ಮೂರು ತಲೆಮಾರಿನ ವ್ಯಾಪಾರಸ್ಥ. ವೈನು ಇರುವ ಕೋಣೆಗೂ ಕಾಲಿಡದ ಮನುಷ್ಯ.

"ಚರ್ಮದ ವಾಸನೆ ಬರುವ ನೀರನ್ನು ಜನ ಇಷ್ಟಪಟ್ಟು ಕುಡಿಯುತ್ತಾರಾ?" ಅಂತ ಕೇಳಿದ.

"ಇಷ್ಟಪಟ್ಟು."

"ಅಲ್ಲಾಹ್ ನನ್ನನ್ನು ಚಹಾದಲ್ಲಿಯೇ ಇಟ್ಟಿದ್ದಾನೆ, ಶುಕ್ರಿಯಾ. ಬಾ, ಮೂಸು. ಮೂಸುವುದಕ್ಕೆ ನನ್ನ ಅಡ್ಡಿ ಇಲ್ಲ."

ಅವನ ಅಂಗಡಿಯ ಚೀಲಗಳನ್ನೆಲ್ಲ ಒಂದೊಂದಾಗಿ ಮೂಸಿದೆ. ಕಣ್ಣು ಮುಚ್ಚಿ ಮೂಸುವುದು, ತಲೆ ಆಡಿಸುವುದು, ನೋಟ್‌ಬುಕ್ಕಿನಲ್ಲಿ ಬರೆಯುವುದು. ಆಮೇಲೆ ಚರ್ಮಕ್ಕೆಂದು ಪಕ್ಕದ ಚಪ್ಪಲಿ ಅಂಗಡಿ, ತಂಬಾಕಿಗೆಂದು ಅದರ ಪಕ್ಕದ್ದು. ಅಂದು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದೆ, ಕಿಸೆಯಲ್ಲಿ ಎರಡು ಪೆನ್ನು. ನಾಲ್ಕನೆಯ ಅಂಗಡಿಗೆ ಹೋಗುವಾಗ ನೋಡುತ್ತೇನೆ, ಓಣಿ ಪೂರ್ತಿ ಗುಡಿಸುತ್ತಿದ್ದಾರೆ. ಒಬ್ಬ ಖರ್ಜೂರದ ಪೆಟ್ಟಿಗೆ ಒರೆಸುತ್ತಿದ್ದಾನೆ, ಇನ್ನೊಬ್ಬ ಶಟರ್ ಅರ್ಧ ಇಳಿಸಿ ಒಳಗಿಂದ "ಮಾಫಿ, ಮಾಫಿ, ಇವತ್ತು ಮಾಲು ಇಲ್ಲ" ಅನ್ನುತ್ತಿದ್ದಾನೆ. ಐದನೆಯವನು ನನಗೆ ಕುರ್ಚಿ ಹಾಕಿ, ಶರಬತ್ತು ಕೊಟ್ಟು, ಬೆವರು ಒರೆಸಿಕೊಳ್ಳುತ್ತ ನಿಂತ.

ಆಹಾರ ತಪಾಸಣೆಯ ಸಾಹೇಬರು ಬಂದಿದ್ದಾರೆ ಅಂತ ಸುದ್ದಿ ಹಬ್ಬಿತ್ತು. ನಾನು ಯಾರಿಗೂ ಹಾಗೆ ಹೇಳಿರಲಿಲ್ಲ, ಶರಬತ್ತು ಮುಗಿಯುವವರೆಗೆ ಅಲ್ಲ ಅಂತಲೂ ಹೇಳಲಿಲ್ಲ.

ಸ್ನೇಹಿತ ನನ್ನನ್ನು ಬಸ್ಸಿಗೆ ಹತ್ತಿಸಿ ಹೇಳಿದ: "ಖಲಾಸ್. ಇನ್ನು ಬರುವುದಾದರೆ ಮೂಗನ್ನು ಅಬುಧಾಬಿಯಲ್ಲಿ ಬಿಟ್ಟು ಬಾ. ಆದರೆ ವರ್ಷಕ್ಕೊಮ್ಮೆ ತೆಗೆದುಕೊಂಡು ಬಾ, ಓಣಿ ಇಷ್ಟು ಕ್ಲೀನ್ ಆದದ್ದು ನಾನು ನೋಡಿಯೇ ಇರಲಿಲ್ಲ."

೪. ಗೇರುಹಣ್ಣಿನ ಪಾಠ

ಮೇಡಂ ಬಂದರು. ಬಿಸಿಲಿಗೆ ಕೆಂಪಾದ ಮುಖ, ತೋಟದಲ್ಲಿ ಕೆಲಸ ಮಾಡಿದವರ ಒರಟು ಕೈ, ಬಹಳ ತಾಳ್ಮೆ. ಲೋಟ ಓರೆ ಮಾಡಿ ಬಣ್ಣ ನೋಡಬೇಕು, ತಿರುಗಿಸಿ ಮೂಸಬೇಕು, ಒಂದು ಗುಟುಕು ಬಾಯಲ್ಲಿ ಓಡಾಡಿಸಿ ಬಕೆಟಿಗೆ ಉಗುಳಬೇಕು ಅಂತ ಮಾಡಿ ತೋರಿಸಿದರು. ಬಕೆಟು ಹೊಳೆಯುವ ಸ್ಟೀಲಿನದ್ದು. ಫೋಟೋ ತೆಗೆದು ಬ್ರಹ್ಮಾವರಕ್ಕೆ ಸಾಕ್ಷಿಯಾಗಿ ಕಳಿಸಿದೆ. ಉತ್ತರ ಬಂತು: "ಇಷ್ಟು ಚೆಂದದ ಪಾತ್ರೆಗೆ ಉಗುಳುತ್ತೀರಾ? ಹಾಲು ಕಾಯಿಸಬಹುದಿತ್ತು."

ನನ್ನ ಪ್ರತಿಸ್ಪರ್ಧಿ ಅಂದರೆ ನಮ್ಮ ಬಾರ್‌ಮನ್, ಮಂಗಳೂರಿನವನು. ಪ್ರತಿ ಕ್ರಿಸ್ಮಸಿಗೆ ಮನೆಯಲ್ಲಿಯೇ ದ್ರಾಕ್ಷಿ ಕೊಳೆಹಾಕಿ ವೈನು ಮಾಡುವ ಕುಲ. ಅವನು ಬಕೆಟನ್ನು ತನ್ನಿಂದ ದೂರ ತಳ್ಳಿ, "ಇದು ಪಾಪದ ಕೆಲಸ, ನನ್ನಿಂದ ಆಗದು" ಅಂದ. ಹೀಗಾಗಿ ಉಗುಳುವ ಶ್ರದ್ಧೆಯಲ್ಲಿ ತರಗತಿಗೆ ನಾನೇ ಮೊದಲು.

ಮೊದಲು ಬಿಳಿ. ಒಂದರಲ್ಲಿ ನನಗೆ ಕಂಚಿಕಾಯಿ ಸಿಪ್ಪೆ ಸಿಕ್ಕಿತು, ಇನ್ನೊಂದರಲ್ಲಿ ಬೆಣ್ಣೆ ಕಾಯಿಸಿ ತುಪ್ಪ ಆಗುವ ಹೊತ್ತಿನ ಘಮ. ಆಮೇಲೆ ಕಡು ಕೆಂಪಿನ ಕ್ಯಾಬರ್ನೆ. ಬಾಯಿಗೆ ಹಾಕಿದ ಕೂಡಲೇ ನಾಲಿಗೆ ಒಣಗಿ ಒಸಡು ಬಿಗಿಯಿತು.

"ಇದು ಟ್ಯಾನಿನ್, ದ್ರಾಕ್ಷಿ ಸಿಪ್ಪೆಯ ಒಗರು. ನಿಮಗೆ ಏನು ನೆನಪಾಗುತ್ತದೆ?" ಅಂದರು ಮೇಡಂ.

"ಗೇರುಹಣ್ಣು, ಮೇಡಂ."

"ಗೇರಿಗೆ ಹಣ್ಣು ಇದೆಯಾ?"

ತರಗತಿ ನಿಂತಿತು. ಪಾಪ, ಹುಟ್ಟಿದಾಗಿನಿಂದ ಗೋಡಂಬಿ ತಿಂದಿದ್ದಾರೆ, ಅದರ ಮೇಲೆ ಒಂದು ಹಣ್ಣು ತೂಗುತ್ತದೆ ಅಂತ ಯಾರೂ ಅವರಿಗೆ ಹೇಳಿಲ್ಲ. ನಾನು ಎದ್ದು ಹೋಗಿ ಬೋರ್ಡಿನ ಮೇಲೆ ಬಿಡಿಸಿದೆ: ಹಣ್ಣು, ಕೆಳಗೆ ಬೀಜ, ಪಕ್ಕದಲ್ಲಿ ಹೋಲಿಕೆಗೆ ಒಬ್ಬ ಮನುಷ್ಯ. ಚೀಪಿದರೆ ಗಂಟಲು ಹೇಗೆ ಕೆರೆಯುತ್ತದೆ ಅಂತ ಅಭಿನಯಿಸಿದೆ. ಮೇಡಂ ಎಲ್ಲವನ್ನೂ ಬರೆದುಕೊಂಡರು.

"ರಸ ಶರ್ಟಿಗೆ ಬಿದ್ದರೆ ಕಲೆ ಹೋಗುವುದಿಲ್ಲ ಅಂತಲೂ ಹೇಳು," ಅಂದ ಬಾರ್‌ಮನ್, ಮೂರನೆಯ ಲೋಟ ಖಾಲಿ ಮಾಡುತ್ತ.

ಅವತ್ತು ಕ್ಯಾಲಿಫೋರ್ನಿಯಾದ ವೈನಿನ ಬಗ್ಗೆ ಯಾರು ಎಷ್ಟು ಕಲಿತರೋ ಗೊತ್ತಿಲ್ಲ. ಕ್ಯಾಲಿಫೋರ್ನಿಯಾ ಮಾತ್ರ ನನ್ನಿಂದ ಬಹಳ ಕಲಿತು ಹೋಯಿತು.

೫. ಒಂದು ಗೇಣಿನ ಅಂತರ

ಪರೀಕ್ಷೆಯ ದಿನ ಮೇಲಿನ ಹಾಲಿನಲ್ಲಿ ದೊಡ್ಡ ಪಾರ್ಟಿ. ವೈನ್ ಗ್ಲಾಸುಗಳೆಲ್ಲ ಅಲ್ಲಿಗೆ ಹೋಗಿ ನಮಗೆ ಉಳಿದದ್ದು ಎಂಟೇ. ಒಂದೊಂದು ವೈನಿಗೆ ಒಂದೊಂದು ಗ್ಲಾಸು, ಮೇಲೆ ಹೆಸರಿಲ್ಲ, ನಂಬರು ಮಾತ್ರ. ಎಂಟೂ ಮಂದಿ ಸರದಿಯಲ್ಲಿ ಅದೇ ಗ್ಲಾಸುಗಳಿಂದ ರುಚಿ ನೋಡಿ ಹೆಸರು ಬರೆಯಬೇಕು. ಪ್ರತಿಯೊಬ್ಬರ ನಂತರ ಮ್ಯಾನೇಜರು ಅಂಚನ್ನು ಟಿಶ್ಯೂವಿನಿಂದ ಒರೆಸಿ ಮತ್ತೆ ತುಂಬಿಸುತ್ತಿದ್ದರು.

ಬಾರ್‌ಮನ್ ಮೊದಲು. ಎಂಟನ್ನೂ ನುಂಗಿದ, ಎಂಟನ್ನೂ ಮತ್ತೊಮ್ಮೆ ಖಚಿತಪಡಿಸಿಕೊಂಡ, ಉತ್ತರ ಪತ್ರಿಕೆಯಲ್ಲಿ ಎಂಟು ಕಡೆಯೂ "ಬಹಳ ಒಳ್ಳೆಯದು, ಮೇಡಂ" ಅಂತ ಬರೆದು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತ.

ನಾನು ಕೊನೆಯವನು. ಗ್ಲಾಸು ನೋಡಿದೆ. ಏಳು ಜನರ ಎಂಜಲು. ಟಿಶ್ಯೂವಿನಿಂದ ಒರೆಸಿದರೆ ಎಂಜಲು ಹೋಗುತ್ತದೆ ಅಂತ ನಂಬುವ ಮನೆಯಲ್ಲಿ ನಾನು ಬೆಳೆದಿಲ್ಲ. ನಮ್ಮ ಕಡೆಯವರು ಎಂತ ಮಾಡುತ್ತಾರೋ ಅದನ್ನೇ ಮಾಡಿದೆ. ತಲೆ ಹಿಂದಕ್ಕೆ ಬಾಗಿಸಿ, ಗ್ಲಾಸನ್ನು ಒಂದು ಗೇಣು ಮೇಲೆ ಎತ್ತಿ, ಸಣ್ಣ ಧಾರೆಯಾಗಿ ಬಾಯಿಗೆ ಬಿಟ್ಟುಕೊಂಡೆ.

ಒಂದು ವಾರ ಮೇಡಂ ಪಕ್ಕದಲ್ಲಿ ನಿಂತು ನಮಗೆ ಗ್ಲಾಸು ಹಿಡಿಯುವ ನಾಜೂಕು ಕಲಿಸಿದ್ದ ಮ್ಯಾನೇಜರು ಗೋಡೆಯ ಕಡೆ ತಿರುಗಿ ನಿಂತರು. ಫ್ಲ್ಯಾಟು ಹೋಯಿತು ಅಂತ ಅವರ ಬೆನ್ನು ನೋಡಿಯೇ ಗೊತ್ತಾಯಿತು.

ಮೇಡಂ ಹತ್ತಿರ ಬಂದರು. "ಇದು ಯಾಕೆ?"

ಎಂಜಲಿಗೆ ಇಂಗ್ಲಿಷು ಹುಡುಕಿದೆ, ಸಿಗಲಿಲ್ಲ. ಗ್ಲಾಸಿಗೂ ಬಾಯಿಗೂ ನಡುವಿನ ಜಾಗ ತೋರಿಸಿ, "ಇಲ್ಲಿ ಗ್ಯಾಪ್ ಬೇಕು ಮೇಡಂ," ಅಂದೆ.

ಅವರ ಕಣ್ಣು ಅರಳಿತು. "ಸರಿ. ಗಾಳಿ. ಮೇಲಿಂದ ಬೀಳುವಾಗ ವೈನು ಗಾಳಿ ಕುಡಿಯುತ್ತದೆ, ಪರಿಮಳ ಬಿಚ್ಚುತ್ತದೆ. ನಾವು ಅದಕ್ಕೆ ಗಾಜಿನ ಹೂಜಿಯಲ್ಲಿ ಅರ್ಧ ಗಂಟೆ ಇಡುತ್ತೇವೆ. ನೀವು ಎಲ್ಲಿ ಕಲಿತಿರಿ?"

"ಉಡುಪಿಯ ಹತ್ತಿರ."

"ಯಾವ ಇನ್‌ಸ್ಟಿಟ್ಯೂಟ್?"

"ನನ್ನ ಅಜ್ಜಿ."

ಮ್ಯಾನೇಜರು ಗೋಡೆಯಿಂದ ಈಚೆ ತಿರುಗಿದರು. ಕಂಚಿಕಾಯಿ, ತುಪ್ಪ, ಪುನರ್ಪುಳಿ, ಗೇರುಹಣ್ಣು ಅಂತ ಮನಸ್ಸಿನಲ್ಲೇ ಗುರುತು ಹಿಡಿದು ಏಳರ ಹೆಸರು ಸರಿಯಾಗಿ ಬರೆದೆ, ಏಳನ್ನೂ ಉಗುಳಿದೆ. ಆದರೆ ಎತ್ತಿ ಕುಡಿಯುವವನ ಗಂಟಲು ನಿಮಗೆ ಗೊತ್ತಲ್ಲ, ಧಾರೆ ಬಿದ್ದರೆ ತಾನಾಗಿ ತೆರೆಯುತ್ತದೆ. ಎಂಟನೆಯದು, ಕೆಂಪು, ನೇರಳೆ ಹಣ್ಣಿಗೆ ಮೆಣಸಿನ ಪುಡಿ ಉದುರಿಸಿದ ಹಾಗಿದ್ದದ್ದು, ಜಾರಿ ಒಳಗೆ ಹೋಯಿತು. ಅದರ ಹೆಸರೂ ಸರಿಯಾಯಿತು. ಎಂಟಕ್ಕೆ ಎಂಟು. ಈಗ ಕ್ಯಾಲಿಫೋರ್ನಿಯಾದ ಆ ತೋಟದಲ್ಲಿ ಅತಿಥಿಗಳೆಲ್ಲ ತಲೆ ಎತ್ತಿ ಬಾಯಿ ತೆರೆದು ಸಾಲಾಗಿ ನಿಲ್ಲುತ್ತಾರಂತೆ, ಗೂಡಿನ ಹಕ್ಕಿಮರಿಗಳ ಹಾಗೆ.

ಫ್ಲ್ಯಾಟಿನ ಬೀಗದ ಕೈ ಕಿಸೆಯಲ್ಲಿಟ್ಟುಕೊಂಡು ಬ್ರಹ್ಮಾವರಕ್ಕೆ ಫೋನು ಮಾಡಿದೆ. ಬೇರೆ ಯಾರ ಹತ್ತಿರ ಏನು ಬೇಕಾದರೂ ಹೇಳಬಹುದು, ಅವಳ ಹತ್ತಿರ ನಡೆಯುವುದಿಲ್ಲ.

"ಏಳು ಉಗುಳಿದೆ," ಅಂದೆ. "ಒಂದು ಜಾರಿತು."

ಬೆಡ್‌ಸ್ಪೇಸಿನ ಮೇಲಿನ ಮಂಚ ಕಣ್ಣ ಮುಂದೆ ಬಂತು.

"ಬಿಳಿಯದ್ದಾ, ಕೆಂಪಿನದ್ದಾ?"

"ಕೆಂಪು."

"ಹೇಗಿತ್ತು?"

"ಸುಳ್ಳು ಹೇಳಲಾ, ನಿಜ ಹೇಳಲಾ?"

"ಬೇಡ, ಗೊತ್ತಾಯಿತು." ಅತ್ತ ಕಡೆ ಪಾತ್ರೆ ಕೆಳಗಿಟ್ಟ ಸದ್ದು. "ಅಡಿಗೆಮನೆಗೆ ಕಿಟಕಿ ಉಂಟಾ?"

ಉಂಟು. ಅವಳೀಗ ಅದೇ ಕಿಟಕಿಯ ಕೆಳಗೆ ಬೂತಾಯಿ ಮೀನು ತೊಳೆಯುತ್ತಿದ್ದಾಳೆ, ಕಾವಲಿ ಬಿಸಿಯಾಗುತ್ತಿದೆ. ಅವಳು ಕೈ ಒರೆಸಿಕೊಂಡು ಈ ಕಡೆ ಬರುವುದರೊಳಗೆ ಒಂದು ಸಣ್ಣ ವಿಷಯ ಒಪ್ಪಿಕೊಂಡುಬಿಡುತ್ತೇನೆ. ಮೇಲಿನದ್ದೆಲ್ಲ ನಿಜ, ಒಂದು ಮಾತು ಮಾತ್ರ ನಾನು ಸೇರಿಸಿದ್ದು. ಎಂಟನೆಯದು ಜಾರಲಿಲ್ಲ. ನುಂಗಿದೆ.