ಹಾಲು ಹಿಂಡದ ಅಡ್ಮಿನ್

ಕರೋಶಿ ಊರಿನ ನಮ್ಮ ಕೊಟ್ಟಿಗೆಯಲ್ಲಿ ಎಮ್ಮೆ ಕಟ್ಟುವ ಗೂಟದ ಪಕ್ಕದಲ್ಲೇ ಫೋನ್ ಚಾರ್ಜಿಗೆ ಹಾಕುತ್ತೇವೆ. ಹಾಗಾಗಿ ಇಂಥವು ವಾರಕ್ಕೊಂದಾದರೂ ಆಗುತ್ತಿರುತ್ತವೆ.

೧. ಸ್ವಾಗತ

ಎಮ್ಮೆ ಸಾಕುವ ಹೆಣ್ಣುಮಕ್ಕಳ ವಾಟ್ಸಾಪ್ ಗ್ರೂಪ್ ಕಟ್ಟಿದ ನಮ್ಮ ಕಾಕಿ, ಅಂದರೆ ಚಿಕ್ಕಮ್ಮ, "ನೀ ಇಂಗ್ಲಿಷ್ ಸಾಲಿ ಕಲತಾಕಿ, ನೀನ ಅಡ್ಮಿನ್" ಅಂದಳು. ನಾಲ್ಕು ಜನ ಎದುರು ನಿಂತರೆ ನನ್ನ ಬಾಯಿ ಒಣಗುತ್ತದೆ. ಬರೆಯುವುದಷ್ಟೇ ಅಲ್ಲವೇ ಎಂದು ಒಪ್ಪಿ, "ಎಲ್ಲರಿಗೂ ಸ್ವಾಗತ" ಎಂದು ಹಾಕಿದೆ.

ಓದು ಬಾರದ ಅಲಖನೂರಿನ ಅಜ್ಜಿ ಯಾರಿಂದಲೋ ಓದಿಸಿಕೊಂಡು ದನಿ ಸಂದೇಶ ಕಳಿಸಿದಳು: "ಸ್ವಾಗತ ಇರ್ಲಿ ತಂಗಿ, ದಿನಾ ಎಷ್ಟು ಎಮ್ಮಿ ಹಿಂಡತಿ?"

"ಒಂದೂ ಇಲ್ಲ."

ಗ್ರೂಪಿನವರೆಲ್ಲ ಕೈಮುಗಿಯುವ ಚಿತ್ರ ಹಾಕಿ ಸಂತಾಪ ಸೂಚಿಸಿದರು.

೨. ಫೋಟೊ

ಅನಂತಪುರದ ಹೆಣ್ಣುಮಗಳೊಬ್ಬಳು, "ನಮ್ಮೆಮ್ಮಿ ಹಾಲು ಕಡಿಮಿ ಮಾಡೈತ್ರಿ" ಅಂದಳು.

"ಫೋಟೊ ಹಾಕ" ಎಂದಳು ಅಜ್ಜಿ.

ಅವಳು ಎಮ್ಮೆಯ ಮೈ ತೊಳೆದು, ಕುಂಕುಮ ಹಚ್ಚಿ, ಮುಖದ ಫೋಟೊ ಹಾಕಿದಳು.

"ಏ ಹುಚ್ಚಿ, ನಾವೇನ್ ಕನ್ಯಾ ನೋಡಾಕತ್ತೀವೇನ? ಸೆಗಣಿ ತೋರ್ಸು!"

ತೋರಿಸಿದಳು, ನಾನು ಊಟಕ್ಕೆ ಕೂತಾಗಲೇ. ಅಜ್ಜಿ ಸೆಗಣಿ ನೋಡಿ ಹೇಳಿದಂತೆ ಹತ್ತಿಕಾಳಿನ ಹಿಂಡಿ ಹಾಕಿದ ಮೇಲೆ ಹಾಲು ಏರಿತು. ಬಾಯಿಗೆ ಏರದೆ ಉಳಿದದ್ದು ಆವತ್ತಿನ ನನ್ನ ತುತ್ತು ಮಾತ್ರ.

೩. ದನಿ

ಗ್ರೂಪಿನವರ ವಿಡಿಯೊ ನೋಡಿ ನೋಡಿ ನಾನೂ ಹಿಂಡಲು ಕಲಿತೆ. ಧೈರ್ಯ ಬಂದ ಕಾಕಿ, ಎಮ್ಮೆಯನ್ನು ನನಗೆ ಬಿಟ್ಟು ನಿಪ್ಪಾಣಿಗೆ ಲಗ್ನಕ್ಕೆ ಹೋದಳು.

ಸಂಜೆ ಕರು ಬಿಟ್ಟರೂ ಎಮ್ಮೆ ಹಾಲು ಇಳಿಸಲಿಲ್ಲ. ಕಾಕಿ ಬೈದರಷ್ಟೇ ಇಳಿಸುವ ಎಮ್ಮೆ ಅದು. ಗ್ರೂಪಿಗೆ ಬರೆದೆ.

"ಹಾಲ ಹಂಗ ನಿಂತ್ರ ಕೆಚ್ಚಲಕ ಬಾವು ಬರ್ತೈತಿ. ಕಾಕಿ ದನಿ ಕೇಳ್ಸ" ಎಂದಳು ಅಜ್ಜಿ.

ಕಾಕಿ ಮಂಟಪದಿಂದಲೇ ಬೈದು ಕಳಿಸಿದಳು. ಅದರ ಹಿನ್ನೆಲೆಯಲ್ಲಿ ಬ್ಯಾಂಡ್ ಸದ್ದು. ಕೇಳಿಸಿದರೆ ಎಮ್ಮೆ ಬೆದರಿ ಬಕೆಟ್ ಒದೆಯಿತು.

"ಹಂಗಾರ ನೀನ ಬೈ. ನಂಗೂ ಕೇಳ್ಸು, ತಪ್ಪಿದ್ರ ತಿದ್ದತೀನಿ" ಎಂದಳು ಅಜ್ಜಿ.

ರೆಕಾರ್ಡ್ ಹಚ್ಚಿ ಶುರು ಮಾಡಿದೆ. ಮೊದಲು ಬಂದದ್ದು "ಪ್ಲೀಸ್". ಎಮ್ಮೆ ಬಾಲದಿಂದ ಕೆನ್ನೆಗೆ ಬಾರಿಸಿತು. ಕಣ್ಣುಮುಚ್ಚಿ ಕಿರುಚಿದೆ: "ಏ ನನ್ನ ಸವತಿ! ಯಾರ ಮ್ಯಾಲ ಬೇ ಸಿಟ್ಟು? ನಿಮ್ಮವ್ವ ಇದ ಕಲಿಸ್ಯಾಳೇನ ನಿನಗ?"

ಜರ್ರ್ ಎಂದು ಹಾಲಿಳಿಯಿತು. ಬಕೆಟ್ ತುಂಬಿತು. ಕೈ ಸೋತರೂ ನನ್ನ ಬಾಯಿ ಸೋಲಲಿಲ್ಲ.

ಅಜ್ಜಿಗಷ್ಟೇ ಕಳಿಸಿದೆ ಎಂದುಕೊಂಡಿದ್ದ ಆ ದನಿ ಗ್ರೂಪಿಗೇ ಹೋಗಿತ್ತು. "ಲಗ್ನದ ಮಂದಿಗೆಲ್ಲಾ ಕೇಳಿಸೀನಿ, ನಮ್ಮ ಹುಡುಗಿ ಬಾಯಿ ಬಿಟ್ಟಾಳ ಅಂತ!" ಎಂದು ಕಾಕಿ ಹಿಗ್ಗಿದಳು.

ಮರುದಿನ ಅಜ್ಜಿಯ ಪಿಸುದನಿ ಬಂತು, ನನಗೊಬ್ಬಳಿಗೇ: "ತಂಗಿ, ನಿನ್ನ ಬೈಗಳಾ ಕೇಳಿ ನಮ್ಮೆಮ್ಮಿನೂ ಅರ್ಧಾ ಲೀಟರ್ ಹೆಚ್ಚಿಗಿ ಕೊಟ್ಟೈತಿ. ಇನ್ನ ನಮ್ಮ ಸೊಸಿಗೊಂದ ಬೈದ ಕಳ್ಸ ಯವ್ವಾ. ನಂಗ ಆಕಿ ಅಂದ್ರ ಅಂಜಿಕಿ."