ಒತ್ತಬಾರದ ಆನೆ

ಹೆಂಡತಿಗೆ ಸಹಾಯ ಮಾಡುವ ಗಂಡಸಿಗೆ ಈ ಕಾಲದಲ್ಲಿ ಬೆಲೆಯಿಲ್ಲ ಎಂದು ಹೊಲಿಗೆ ಯಂತ್ರ ರಿಪೇರಿ ಮಾಡುವ ನಮ್ಮ ರಿಪೇರಿರಾಯರಿಗೆ ಖಾತ್ರಿಯಾದದ್ದು ಅಂದು ಸಂಜೆ ನಾಲ್ಕು ಗಂಟೆಗೆ. (ಸಹಾಯ ಎಂದರೇನೆಂದು ಅವರಿಗೆ ಗೊತ್ತೇ ಇರಲಿಲ್ಲ ಎಂಬುದು ಹೆಂಡತಿಯ ಅಂಬೋಣ.)

ಹೆಂಡತಿ ಬರೆದ ಆನೆಯ ಚಿತ್ರ ಮಕ್ಕಳ ಪುಸ್ತಕವೊಂದರ ಮುಖಪುಟಕ್ಕೆ ಆಯ್ಕೆಯಾಗಿತ್ತು. ಹತ್ತು ವರ್ಷ ಅಡುಗೆಮನೆಯ ಮೂಲೆಯಲ್ಲಿ ಕೂತು ಬರೆದದ್ದಕ್ಕೆ ಸಿಕ್ಕ ಮೊದಲ ಮುಖಪುಟ. ಐದು ಗಂಟೆಯೊಳಗೆ ಪ್ರಕಾಶಕರಿಗೆ ತಲುಪದಿದ್ದರೆ ಆ ಜಾಗದಲ್ಲಿ ಬೇರೆ ಯಾರದೋ ಒಂಟೆ ಬಂದು ನಿಲ್ಲುತ್ತಿತ್ತು. ರಾಯರು ಅಂಗಡಿಯಿಂದ ಬಂದವರೇ ತಾವೇ ಮುಂದೆ ನಿಂತು ಸ್ಕ್ಯಾನ್ ಮಾಡಿದರು. ಸೇವ್ ಮಾಡುವಾಗ, ಫೈಲನ್ನು ಒತ್ತಿ ಚಿಕ್ಕದಾಗಿಸುವ ಕಂಪ್ರೆಷನ್ ಸೊನ್ನೆಯಿಂದ ಒಂಬತ್ತರವರೆಗೆ ಎಷ್ಟಿರಲಿ ಎಂದು ಕಂಪ್ಯೂಟರ್ ಕೇಳಿತು. ಒತ್ತಿದರೆ ಆನೆ ಚಪ್ಪಟೆಯಾಗದೆ ಇದ್ದೀತೇ ಎಂದು ಸೊನ್ನೆ ಕೊಟ್ಟರು. ಫೈಲು ತೊಂಬತ್ತು ಎಂಬಿಗೆ ಊದಿಕೊಂಡಿತು. ಪ್ರಕಾಶಕರ ವೆಬ್‌ಸೈಟ್ ಐವತ್ತು ದಾಟಿದ್ದನ್ನು ಮೂಸಿಯೂ ನೋಡುವುದಿಲ್ಲ.

ಹೆಂಡತಿ ಅದೇ ಚಿತ್ರವನ್ನು ಒಂಬತ್ತಕ್ಕೆ ಇಟ್ಟು ಮತ್ತೆ ಸೇವ್ ಮಾಡಿದಳು. ಕಂಪ್ಯೂಟರ್ ಸ್ವಲ್ಪ ಹೊತ್ತು ತಿಣುಕಿ ನಲವತ್ತೊಂದು ಎಂಬಿ ಎಂದಿತು. ಇದರಲ್ಲಿ ಏನೂ ಕಳೆಯುವುದಿಲ್ಲ, ಅಚ್ಚುಕಟ್ಟಾಗಿ ಮಡಿಸುತ್ತದೆ, ಅದಕ್ಕೆ ಹೊತ್ತು ಹಿಡಿಯುತ್ತದೆ ಅಷ್ಟೇ ಎಂದು ವಿವರಿಸಿದಳು. ರಾಯರು ಒಪ್ಪಲಿಲ್ಲ. ಕನ್ನಡಕ ಒರೆಸಿ, ಪರದೆಗೆ ಮೂಗು ತಾಗಿಸಿ, ಬಾಲದಿಂದ ಸೊಂಡಿಲಿನವರೆಗೆ ಗಜಪರೀಕ್ಷೆ ನಡೆಸಿದರು.

"ನೋಡಿಲ್ಲಿ, ಕೆನ್ನೆ ಮೇಲೆ ಕಲೆ. ಬಡ್ಕೊಂಡೆ ನಾನು, ಒತ್ತಬೇಡ ಅಂತ."

ಅವಳೂ ಬಗ್ಗಿ ನೋಡಿದಳು. ಕಲೆ ಇದ್ದದ್ದು ನಿಜ. ರಾಯರ ಸೊನ್ನೆಯ ಫೈಲು ತೆರೆದಳು. ಅಲ್ಲೂ ಅದೇ ಕಲೆ, ಅದೇ ಜಾಗ. ಕಾಗದದ ಮೇಲಿನ ಆನೆಯ ಕೆನ್ನೆ ಮಾತ್ರ ಶುಭ್ರವಾಗಿತ್ತು. ಸ್ಕ್ಯಾನರಿನ ಮುಚ್ಚಳ ಎತ್ತಿದಳು. ಗಾಜಿನ ಮೇಲೆ, ಹೊಲಿಗೆ ಯಂತ್ರದ ಎಣ್ಣೆಯಲ್ಲಿ ಒತ್ತಿದ ಹೆಬ್ಬೆರಳಿನ ಗುರುತು. ರಾಯರು ಮೆಲ್ಲಗೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

ಗಾಜು ಒರೆಸಿ, ಹೊಸದಾಗಿ ಸ್ಕ್ಯಾನ್ ಮಾಡಿ, ಒಂಬತ್ತರಲ್ಲೇ ಸೇವ್ ಮಾಡಿ ಕಳಿಸುವಾಗ ಐದಕ್ಕೆ ಎರಡೇ ನಿಮಿಷ. ಚಿತ್ರ ತಲುಪಿತೆಂದು ಉತ್ತರ ಬಂದಾಗ ಅವಳ ಕಣ್ಣು ಒದ್ದೆಯಾಯಿತು. ರಾಯರದ್ದೂ, ಸುಳ್ಳೇಕೆ ಹೇಳಬೇಕು. ಕಣ್ಣೊರೆಸಿಕೊಂಡು ಅವರು, ಆ ಹಳೆಯ ಫೈಲುಗಳನ್ನು ಅಳಿಸಿಬಿಡೋಣವೇ ಎಂದು ಮೃದುವಾಗಿ ಕೇಳಿದರು.

"ಸೊನ್ನೆದು ಅಳಿಸಿ, ಸುಮ್ನೆ ಜಾಗ ತಿನ್ನುತ್ತೆ. ಒಂಬತ್ತರದು ಇರ್ಲಿ ರೀ. ಬಂದೋರಿಗೆಲ್ಲ ತೋರಿಸ್ಬೇಕು, ನಿಮ್ಮ ಬೆರಳಿನ ಒಂದು ಗೆರೆನೂ ಕಳೆದುಹೋಗಿಲ್ಲ."